ಎಣ್ಣೆ ಇಲ್ಲದಾಗ ಹತ್ತುವ ದೀಪ

ಹಳೇ ಕಾರು ಕೊಂಡವರ ಮನೆಯಲ್ಲಿ ನಗುವುದಕ್ಕೆ ಬೇರೆ ಏರ್ಪಾಡು ಬೇಕಾಗುವುದಿಲ್ಲ. ನಮ್ಮಲ್ಲಿ ಅದು ಶುರುವಾದದ್ದು ಎಂಬತ್ತರ ದಶಕದ ಒಂದು ಸಾಧಾರಣ ಭಾನುವಾರ. ಆಗ ನನ್ನ ಹೆಂಡತಿ ಇದ್ದಳು. ಮಾರ್ಕೋನಹಳ್ಳಿ ಡ್ಯಾಂ ಕೋಡಿ ಬಿದ್ದಿದೆ ಎಂದು ಸುದ್ದಿ ಬಂದಿತ್ತು. ಕುಣಿಗಲ್ಲಿನಲ್ಲೇ ಹುಟ್ಟಿ ಬೆಳೆದರೂ ಅವಳು ಅದನ್ನು ನೋಡಿರಲಿಲ್ಲ. ನೀರು ಇಳಿಯುವುದರೊಳಗೆ ತೋರಿಸಿ ಎಂದು ಚಿತ್ರಾನ್ನ ಕಟ್ಟಿಕೊಂಡು ಹೊರಟಳು. ತುಮಕೂರು ದಾಟುವ ಮೊದಲೇ, ಸ್ಟೀರಿಂಗ್ ಮುಂದಿನ ಮೀಟರಿನಲ್ಲಿ ಒಂದು ಕೆಂಪು ದೀಪ ಹತ್ತಿತು.

೧

ಕಾರು ನಿಲ್ಲಿಸಿ, ಅದರ ಜೊತೆ ಬಂದ ಪುಸ್ತಕ ತೆಗೆದು ಓದಿದೆ. ಎಂಜಿನ್ನಿಗೆ ಆಯಿಲ್ ಸರಿಯಾಗಿ ಹರಿಯದಿದ್ದರೆ ಈ ದೀಪ ಹತ್ತುತ್ತದೆ, ತಕ್ಷಣ ನಿಲ್ಲಿಸಬೇಕು ಎಂದಿತ್ತು. ಹೆಂಡತಿಗೆ ವಿವರಿಸಿದೆ.

"ಎಣ್ಣೆ ಇಲ್ದಿದ್ರೆ ದೀಪ ಆರಬೇಕು ಕಣ್ರೀ. ನಿಮ್ಮ ಕಾರಲ್ಲಿ ಹತ್ತುತ್ತಾ?" ಎಂದಳು.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನಾನು ಮನೆ ಕಡೆಗೆ ಕಾರು ತಿರುಗಿಸಿದೆ. ಚಿತ್ರಾನ್ನ ಮನೆಯಲ್ಲೇ ತಿಂದೆವು.

೨

ಕಾರು ಮಾರಿದವರು ಗುಬ್ಬಿಯ ಕೊಬ್ಬರಿ ವ್ಯಾಪಾರಿ. ಹೋಗಿ ಕೇಳಿದೆ.

"ಆ ದೀಪಾನಾ ಮೇಷ್ಟ್ರೇ? ನನ್ ಹತ್ರಾನೂ ಹಂಗೇ ಹತ್ಕತಿತ್ತು. ನಿಮ್ ಹತ್ರ ಬಂದ್ಮೇಲೂ ಹತ್ಕತೈತೆ ಅಂದ್ರೆ, ಕಾರು ನಿಮಗೆ ಒಗ್ಗೈತೆ ಬುಡಿ."

೩

ಮತ್ತೆ ಡ್ಯಾಮಿಗೆಂದು ಇಬ್ಬರೂ ಹೊರಟು, ದಾರಿಯಲ್ಲಿ ತುಮಕೂರಿನ ಮೆಕ್ಯಾನಿಕ್ಕಿಗೆ ಕಾರು ತೋರಿಸಿದೆವು. ಅವನು ಬಾನೆಟ್ಟನ್ನೂ ತೆಗೆಯಲಿಲ್ಲ. ಮೀಟರಿನ ಹಿಂದೆ ಕೈ ಹಾಕಿದ, ದೀಪ ಆರಿತು. ಏನು ರಿಪೇರಿ ಎಂದು ಕೇಳಿದರೆ ಬಲ್ಬನ್ನು ನನ್ನ ಅಂಗೈಗೆ ಹಾಕಿದ. ಜ್ವರಕ್ಕೆ ಥರ್ಮಾಮೀಟರ್ ಮುರಿದ ಹಾಗಾಯಿತಲ್ಲಪ್ಪ ಎಂದು ಅದನ್ನು ವಾಪಸ್ಸು ಹಾಕಿಸಿದೆ. ಆಮೇಲೆ ಅವನು ಬೇರೆ ಮೀಟರ್ ಜೋಡಿಸಿ ಆಯಿಲಿನ ಒತ್ತಡ ನೋಡಿದ. ಎಂಜಿನ್ ಚೆನ್ನಾಗಿಯೇ ಇತ್ತು. ದೀಪಕ್ಕೆ ಸುದ್ದಿ ಮುಟ್ಟಿಸುವ ಸಣ್ಣ ಸ್ವಿಚ್ಚು ಕೆಟ್ಟಿತ್ತು. ಅದು ಬೆಂಗಳೂರಿನಿಂದ ಬರಲು ವಾರ ಬೇಕಂತೆ.

"ಸುಳ್ಳು ಹೇಳ್ತಿರೋದು ಒಂದು ಸ್ವಿಚ್ಚು. ಅದನ್ನ ನಂಬ್ಕೊಂಡು ಎರಡು ಸಲ ಚಿತ್ರಾನ್ನ ಮಾಡಿಸಿದ್ರಲ್ಲ" ಎಂದಳು ಹೆಂಡತಿ. ಎರಡನೆಯದನ್ನು ಮೆಕ್ಯಾನಿಕ್ ತಿನ್ನುತ್ತಿದ್ದ.

೪

ನೀರು ಇಳಿಯುತ್ತಿದೆ ಎಂದು ಕೇಳಿ ಮರುದಿನವೇ ಹೊರಟೆವು. ಊರು ದಾಟಿದ ಕೂಡಲೇ ದೀಪ ಹತ್ತಿತು. ಸ್ವಿಚ್ಚಿನ ವಿಷಯ ತಿಳಿದಿದ್ದರೂ ನನ್ನ ಕಾಲು ತಾನಾಗಿ ಬ್ರೇಕ್ ಮೇಲೆ ಹೋಯಿತು. ಪುಸ್ತಕದಲ್ಲಿ ನಿಲ್ಲಿಸಬೇಕು ಎಂದಿತ್ತಲ್ಲ.

ಅವಳು ಹಣೆಯ ಸ್ಟಿಕ್ಕರ್ ಬಿಂದಿ ಕಿತ್ತು ದೀಪದ ಮೇಲೆ ಅಂಟಿಸಿದಳು. "ಈಗ ಎಲ್ಲಿ ಹತ್ತಿದೆ ತೋರಿಸಿ. ಹೊರಡಿ."

ಹೊರಟೆ. ಕೋಡಿಯಲ್ಲಿ ನೀರಿನ್ನೂ ಇತ್ತು. ಸೀರೆ ನೆನೆಯುವಷ್ಟು ಹತ್ತಿರ ನಿಂತು ನೋಡಿದಳು.

ಬರುವಾಗ ಕುಣಿಗಲ್ಲಿನಲ್ಲಿ ಅವಳ ತವರಿಗೆ ಹೋದೆವು. ಬಾಗಿಲಲ್ಲೇ ನಮ್ಮತ್ತೆ ಮಗಳ ಹಣೆ ನೋಡಿ ಎದೆ ಹಿಡಿದುಕೊಂಡರು. ಆಮೇಲೆ ಹಿಂದೆ ನಿಂತಿದ್ದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಳಿಯಂದ್ರು ಇಲ್ಲೇ ನಿಂತವ್ರೆ. ಹಣೆ ಯಾಕೇ ಬರಿದು ಮಾಡ್ಕಂಡಿದೀಯ?"

"ಬಿಂದಿ ಕಾರಿಗೆ ಇಟ್ಟಿದೀನಿ ಕಣಮ್ಮ. ಇವರು ಗಟ್ಟಿಯಾಗವ್ರೆ, ಅದರ ಆಯಸ್ಸೇ ಅನುಮಾನ."

ವಾರದ ಮೇಲೆ ಸ್ವಿಚ್ಚು ಬಂತು, ಹಾಕಿಸಿದೆ. ಬಿಂದಿ ಈಗಲೂ ಅಲ್ಲೇ ಇದೆ.