ನೀರಾಟ ಕೊನೆಗಿರಲಿ ಎಂದವನು ನಾನೇ

ಸಂಸಾರ ಸಮೇತ ಥೀಮ್ ಪಾರ್ಕಿಗೆ ಹೋಗಿಬರುವುದು ಯಾವ ಮಹಾ ಕೆಲಸ? ಜನ ಅದಕ್ಕೆ ಒದ್ದಾಡುವುದನ್ನು ನೋಡಿದರೆ ನನಗೆ ನಗು ಬರುತ್ತಿತ್ತು. ಯೋಜನೆ ಎಂದರೇನೆಂದು ಅವರಿಗೆ ಗೊತ್ತಿಲ್ಲ. ನನಗೆ ಗೊತ್ತು! ಕಾರ್ಖಾನೆಯ ಪ್ಲಾನಿಂಗ್ ವಿಭಾಗದಲ್ಲಿ ಕೂತು ತಲೆಗೂದಲು ಉದುರಿಸಿಕೊಂಡು ನಿವೃತ್ತನಾದವನು ನಾನು. ಯಾವ ಬೋಲ್ಟು ಯಾವಾಗ ಎಲ್ಲಿರಬೇಕೆಂದು ನಿಗದಿ ಮಾಡಿದವನಿಗೆ ಒಂದು ಹಿಂಡು ಮಕ್ಕಳು ಯಾವ ಲೆಕ್ಕ? ಬೋಲ್ಟುಗಳು ನಡುದಾರಿಯಲ್ಲಿ ಉಚ್ಚೆ ಬಂತು ಎನ್ನುವುದಿಲ್ಲ ಎಂಬ ಸಣ್ಣ ವ್ಯತ್ಯಾಸ ಮಾತ್ರ ಆಗ ನನಗೆ ಹೊಳೆದಿರಲಿಲ್ಲ.

ಬೇಸಿಗೆ ರಜೆಗೆ ಮಗಳು ತನ್ನ ಮಕ್ಕಳನ್ನು ಕಟ್ಟಿಕೊಂಡು ಜೀವನ್ ಬಿಮಾ ನಗರದ ನಮ್ಮ ಮನೆಗೆ ಬಂದಿದ್ದಳು. ಅವಳ ಕಿರಿಯ ಮಗಳು ಚಿನ್ನಿ ಆಗಷ್ಟೇ ಯುಕೆಜಿ ಮುಗಿಸಿದ್ದಳು. ಒಂದು ಬೆಳಿಗ್ಗೆ ಆ ಮಗು ನನ್ನ ಪೇಪರನ್ನು ಪಕ್ಕಕ್ಕೆ ಸರಿಸಿ ತೊಡೆಯ ಮೇಲೆ ಕೂತು ಬೇಡಿಕೆ ಸಲ್ಲಿಸಿತು.

"ತಾತ, ಪಾರ್ಕಲ್ಲಿ ದೊಡ್ಡ ಬಕೆಟ್ ಇದೆಯಂತೆ. ತುಂಬಿ ತುಂಬಿ ಧಬಕ್ಕಂತ ತಲೆ ಮೇಲೆ ಸುರಿಯತ್ತಂತೆ. ನಂಗೆ ಅದು ಬೇಕು."

"ಬರೀ ಅಷ್ಟೇನಾ?"

"ಅಷ್ಟೇ."

ಇಷ್ಟು ಸಣ್ಣ ಬೇಡಿಕೆಗೆ ಇಷ್ಟು ದೊಡ್ಡ ಮಿದುಳನ್ನು ಬಳಸುವುದು ನನಗೇ ನಾಚಿಕೆ ಎನಿಸಿತು. ಹಾಗಾಗಿ ಯೋಜನೆಯನ್ನು ಹಿಗ್ಗಿಸಿದೆ. ಕಾಕ್ಸ್ ಟೌನಿನಲ್ಲಿರುವ ಮಗನ ಸಂಸಾರವೂ ಬರಲಿ, ಕೆ.ಆರ್. ಪುರದಲ್ಲಿರುವ ಅಕ್ಕ, ಭಾವ, ಅವರ ಮಕ್ಕಳು ಮೊಮ್ಮಕ್ಕಳೂ ಬರಲಿ ಎಂದು ಫರ್ಮಾನು ಹೊರಡಿಸಿದೆ.

ಮುನಿರಾಜು ಭಾವ ಫೋನಿನಲ್ಲಿ, "ನಾಗೂ, ಇಷ್ಟು ಜನ ಯಾಕಪ್ಪಾ? ಮಕ್ಕಳನ್ನ ಕರ್ಕೊಂಡು ನಮ್ಮನೆಗೇ ಬಂದ್ಬಿಡು. ಜಾಗ ಇದೆ, ಆಟ ಆಡ್ಕೊಳ್ಳಲಿ" ಎಂದರು. ಹೊಲಗಳೆಲ್ಲ ಲೇಔಟಾಗಿ, ಬಾಡಿಗೆ ಮನೆಗಳಾಗಿ ಎದ್ದ ಮೇಲೂ ಪಂಚೆ ಬಿಡದ ಮನುಷ್ಯ. ಅವರಿಗೆ ಮನರಂಜನಾ ಉದ್ಯಮದ ಬಗ್ಗೆ ಏನು ಗೊತ್ತು? ಪಾಪ ಎಂದುಕೊಂಡು ಫೋನಿಟ್ಟೆ.

ಮೊದಲ ಗಲಾಟೆ ಬಾಗಿಲ ಚೌಕಟ್ಟಿನ ಬಳಿ ನಡೆಯಿತು. ಪಾರ್ಕಿನಲ್ಲಿ ಕೆಲವು ಆಟಗಳಿಗೆ ಮಕ್ಕಳು ಇಂತಿಷ್ಟು ಎತ್ತರ ಇರಲೇಬೇಕಂತೆ. ಅಲ್ಲಿ ಹೋಗಿ ಪೇಚಾಡುವವರು ದಡ್ಡರು. ನಾನು ಹಿಂದಿನ ಭಾನುವಾರವೇ ಎಲ್ಲರನ್ನೂ ಊಟಕ್ಕೆ ಕರೆದು, ಮಕ್ಕಳನ್ನು ಒಬ್ಬೊಬ್ಬರಾಗಿ ಚೌಕಟ್ಟಿಗೆ ಒರಗಿಸಿ, ತಲೆಯ ಮೇಲೆ ಸ್ಕೇಲಿಟ್ಟು ಪೆನ್ಸಿಲ್ಲಿನಲ್ಲಿ ಗೀಟೆಳೆದೆ. ಅಕ್ಕನ ಮೊಮ್ಮಗ ತನಗಿಂತ ಚಿಕ್ಕವನಾದ ನನ್ನ ಮೊಮ್ಮಗನಿಗಿಂತ ಗಿಡ್ಡ ಎಂದು ಸಾಬೀತಾಯಿತು. ನಾನು ಅದನ್ನು ಗಟ್ಟಿಯಾಗಿ ಘೋಷಿಸಿಯೂ ಬಿಟ್ಟೆ!

"ಏನೋ ನಾಗು, ನನ್ನ ಮೊಮ್ಮಗ ಕುಳ್ಳ ಅಂತ ತೋರ್ಸಕ್ಕೆ ಇಷ್ಟೆಲ್ಲ ಊಟ ಹಾಕ್ಸಿದ್ಯಾ?" ಎಂದಳು ಅಕ್ಕ.

"ಅಕ್ಕಾ, ಇದು ಬರೀ ಅಳತೆ ಕಣೇ."

"ನಿನ್ನ ಮೊಮ್ಮಗ ಹಿಮ್ಮಡಿ ಎತ್ಕೊಂಡು ನಿಂತಿದ್ದ. ನಾನು ನೋಡ್ದೆ!"

ಮರು ಅಳತೆ ನಡೆಯಿತು. ಈ ಸಲ ಇಬ್ಬರು ಹುಡುಗರೂ ಹಿಮ್ಮಡಿ ಎತ್ತಿದರು. ಅಕ್ಕ ಪಾಯಸ ಮುಟ್ಟದೆ ಹೊರಟಳು.

ನನ್ನ ಹೆಂಡತಿ ವಿಮಲಾಗೆ ಆಕ್ಷೇಪಣೆ ಇದ್ದದ್ದು ನಾನು ಬರೆದ ವೇಳಾಪಟ್ಟಿಯ ಬಗ್ಗೆ. ಅದರಲ್ಲಿ ತಿರುಗುವ ಆಟಗಳು ಮೊದಲು, ರೈಲು ಆಮೇಲೆ, ನೀರಾಟ ಕಟ್ಟಕಡೆಗೆ.

"ರೀ, ಮಕ್ಕಳು ಬರೋದೇ ನೀರಿಗೆ. ಮೊದಲು ನೀರಿಗೆ ಬಿಟ್ಬಿಡಿ."

"ಒದ್ದೆಯಾದವರು ಮತ್ತೆ ಒಣ ಆಟಕ್ಕೆ ಬಂದರೆ ಶೀತ, ಜ್ವರ. ಮೊದಲು ಒಣ, ಆಮೇಲೆ ಒದ್ದೆ. ಇದಕ್ಕೆ ಇಂಜಿನಿಯರಿಂಗ್ ಅಂತಾರೆ."

"ಇದಕ್ಕೆ ಮೊಂಡುತನ ಅಂತಾರೆ" ಎಂದು ಅವಳು ಒಳಗೆ ಹೋದಳು. ವಿರೋಧ ಪಕ್ಷ ಸಭಾತ್ಯಾಗ ಮಾಡಿದ್ದರಿಂದ ವೇಳಾಪಟ್ಟಿ ಸರ್ವಾನುಮತದಿಂದ ಅಂಗೀಕಾರವಾಯಿತು.

ಹೊರಡುವ ದಿನ ಶಿವಾಜಿನಗರದ ಸಲೀಂ ಬಾಡಿಗೆಯ ಮಿನಿ ಬಸ್ಸನ್ನು ನಮ್ಮ ಮನೆಗೆ ತಂದರು. ಪಾರ್ಕು ಇರುವುದು ಊರಿನ ಪಶ್ಚಿಮದ ತುದಿಯಾಚೆ, ಮೈಸೂರು ರಸ್ತೆಯಲ್ಲಿ. ನಾನು ಹಾಕಿದ ಮಾರ್ಗದಲ್ಲಿ ಬಸ್ಸು ಮೊದಲು ಪೂರ್ವಕ್ಕೆ, ಕೆ.ಆರ್. ಪುರಕ್ಕೆ ಹೋಗಬೇಕು. ಅಲ್ಲಿಂದ ಕಾಕ್ಸ್ ಟೌನಿಗೆ. ಅಲ್ಲಿಂದ ಮತ್ತೆ ನಮ್ಮ ಮನೆಗೆ ಬಂದು ನಮ್ಮನ್ನು ಹತ್ತಿಸಿಕೊಳ್ಳಬೇಕು. ಆಯೋಜಕ ಕೊನೆಗೆ ಹತ್ತುವುದು ಶೋಭೆ.

ಸಲೀಂ ಮಾರ್ಗ ಕೇಳಿ ಗಡ್ಡ ನೀವಿಕೊಂಡರು. "ಸಾಬ್, ಇದು ಮೈಸೂರು ರೋಡಿಗೆ ಹೋಗೋ ದಾರಿನಾ, ಇಲ್ಲ ಊರೆಲ್ಲ ಮದುವೆ ಕಾರ್ಡ್ ಹಂಚೋ ದಾರಿನಾ?"

ಚಾಲಕರಿಗೆ ದೂರದೃಷ್ಟಿ ಇರುವುದಿಲ್ಲ. ಬಸ್ಸು ಕೆ.ಆರ್. ಪುರದ ಸೇತುವೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ನಾವು ಟೋಪಿ, ಕನ್ನಡಕ, ಟವೆಲ್ಲು ಧರಿಸಿ ಗೇಟಿನ ಬಳಿ ನಿಂತೇ ಇದ್ದೆವು. ವಾಕಿಂಗಿಗೆ ಹೊರಟ ಎದುರುಮನೆಯವರು "ಹೊರಟ್ರಾ?" ಎಂದರು. ವಾಕಿಂಗ್ ಮುಗಿಸಿ, ತಿಂಡಿಯನ್ನೂ ತಿಂದು ಹೊರಬಂದು "ವಾಪಸ್ ಬಂದ್ರಾ?" ಎಂದರು!

ಪಾರ್ಕು ತಲುಪುವಾಗ ಸೂರ್ಯ ನೆತ್ತಿಗೆ ಬಂದಿದ್ದ. ಹೆಬ್ಬಾಗಿಲಲ್ಲಿ ಕಾವಲುಗಾರ ಅಕ್ಕನ ಕೈಯಲ್ಲಿದ್ದ ಸ್ಟೀಲ್ ಪಾತ್ರೆಯನ್ನು ತಡೆದ.

"ಹೊರಗಿನ ಊಟ ಅಲೋ ಇಲ್ಲ ಮೇಡಂ."

ಪಾತ್ರೆಯಲ್ಲಿ ನಸುಕಿನಲ್ಲೇ ಎದ್ದು ಕಲಸಿದ ಪುಳಿಯೋಗರೆ. ಇನ್ನೊಂದರಲ್ಲಿ ಮೊಸರನ್ನ. ಅಕ್ಕ ನನ್ನತ್ತ ತಿರುಗಿದಳು.

"ಊಟ ತಾ ಅಂದೋನು ಯಾರೋ?"

ಅಂದವನು ನಾನು. ನಿಯಮಗಳ ಪುಟದಲ್ಲಿ ಎತ್ತರದ ವಿಷಯ ಸಿಕ್ಕಿದ ಖುಷಿಗೆ ಅದರ ಕೆಳಗಿನದನ್ನು ಓದಿರಲಿಲ್ಲ. ಆದರೆ ಧೃತಿಗೆಡಲಿಲ್ಲ. "ಇಲ್ಲೇ ಮುಗಿಸಿಬಿಡೋಣ. ಒಳಗೆ ಊಟದ ಸಮಯ ಉಳಿಯತ್ತೆ!" ಎಂದೆ. ಬಸ್ಸಿನ ನೆರಳಿನಲ್ಲಿ ಪೇಪರ್ ತಟ್ಟೆ ಹಿಡಿದು ನಿಂತೇ ತಿಂದೆವು. ಎಸೆಯಬಾರದೆಂದು ಅಕ್ಕ ಮಕ್ಕಳಿಗೆಲ್ಲ ಒತ್ತಾಯ ಮಾಡಿ ಎರಡೆರಡು ಸಲ ಬಡಿಸಿದಳು.

ಹೊಟ್ಟೆ ಬಿರಿಯೆ ಪುಳಿಯೋಗರೆ ಮೊಸರನ್ನ ತಿಂದ ಮಕ್ಕಳನ್ನು ವೇಳಾಪಟ್ಟಿಯ ಪ್ರಕಾರ ಮೊದಲು ಎಲ್ಲಿಗೆ ಕರೆದೊಯ್ಯಬೇಕಿತ್ತು? ಗಿರಗಿರ ತಿರುಗುವ ಬಟ್ಟಲುಗಳಿಗೆ.

"ಸ್ವಲ್ಪ ಕೂತ್ಕೊಳ್ಳಲಿ ಬಿಡಪ್ಪಾ" ಎಂದರು ಭಾವ.

"ಭಾವ, ಆಗಲೇ ತಡವಾಗಿದೆ. ನಿಮಗೆ ಭಯವಾದರೆ ಬೆಂಚ್ ಮೇಲೆ ಕೂತಿರಿ" ಎಂದೆ. ಅವರು ಹೋಗಿ ಕೂತರು. ನಾನು ಮಕ್ಕಳಿಗೆ ಧೈರ್ಯ ತುಂಬಲು ಜೊತೆಗೆ ಹತ್ತಿದೆ.

ಬಟ್ಟಲು ತಿರುಗತೊಡಗಿತು. ಮೊದಲ ಸುತ್ತಿನಲ್ಲಿ ವಿಮಲಾ ಕಂಡಳು. ಎರಡನೆಯದರಲ್ಲಿ ಇಬ್ಬರು ವಿಮಲಾ ಕಂಡರು. ಒಬ್ಬಳನ್ನೇ ನಿಭಾಯಿಸಲಾಗದವನಿಗೆ ಗಾಬರಿಯಾಯಿತು. "ನಿಲ್ಸಿ! ನಿಲ್ಸಿ!" ಎಂದು ಕೂಗಿದೆ. ಮಕ್ಕಳು ಖುಷಿಗೆ ಕೂಗುತ್ತಿದ್ದೇನೆಂದುಕೊಂಡು "ಇನ್ನೂ ಜೋರು!" ಎಂದರು. ಬಟ್ಟಲು ನಿಂತಾಗ ಮಕ್ಕಳೆಲ್ಲ ಕಿಲಕಿಲ ನಗುತ್ತ ಇಳಿದು ಓಡಿದವು. ವಾಂತಿ ಮಾಡಿದ್ದು ಒಬ್ಬನೇ. ಅವನ ಎತ್ತರ ಎಲ್ಲರಿಗಿಂತ ಹೆಚ್ಚಿತ್ತು.

ಭಾವ ಎದ್ದು ಬಂದು ನನ್ನ ತಲೆ ಹಿಡಿದುಕೊಂಡರು. ಬೆನ್ನು ನೀವಿ ನೀರು ಕುಡಿಸಿದರು. ಬೈದಿದ್ದರೆ ವಾಸಿ ಇತ್ತು.

ಬೆಂಚಿನ ಮೇಲೆ ಒದ್ದೆ ಕರ್ಚೀಫು ಹೊದ್ದು ಮಲಗಿದವನ ಬಳಿಗೆ ಚಿನ್ನಿ ಬಂದು ಬಂದು, "ತಾತ, ಈಗ ಬಕೆಟ್ಟಾ?" ಎಂದು ಕೇಳುತ್ತಿದ್ದಳು. "ರೈಲಾದ ಮೇಲೆ" ಎಂದೆ. ರೈಲಿನ ಕ್ಯೂ ರೇಷನ್ ಅಂಗಡಿಯ ಕ್ಯೂವನ್ನು ನಾಚಿಸುವಂತಿತ್ತು. ನಾನು ಬಿಡಬೇಕಲ್ಲ! ಮಲಗಿದಲ್ಲಿಂದಲೇ ಎಲ್ಲರನ್ನೂ ಅದರಲ್ಲಿ ನಿಲ್ಲಿಸಿದೆ. ಅವರು ರೈಲು ಹತ್ತಿ ಇಳಿಯುವಷ್ಟರಲ್ಲಿ ಬಿಸಿಲು ಬಾಡಿತ್ತು.

ಕೊನೆಗೂ ನೀರಾಟದ ಕಡೆ ಮೆರವಣಿಗೆ ಹೊರಟಿತು. ಚಿನ್ನಿ ಈಜುಡುಗೆ ತೊಟ್ಟು ಎಲ್ಲರಿಗಿಂತ ಮುಂದೆ ಓಡಿದಳು. ಎದುರಿನಿಂದ ಬರುತ್ತಿದ್ದವರೆಲ್ಲ ತಲೆ ಒರೆಸಿಕೊಂಡು ಬರುತ್ತಿದ್ದರು. ಅಲ್ಲಿನ ಗೇಟಿಗೆ ಸರಪಳಿ.

"ವಾಟರ್ ಸೆಕ್ಷನ್ ಕ್ಲೋಸಾಯ್ತು ಸಾರ್. ಅದು ಬೇಗ ಮುಚ್ತೀವಿ. ಎಂಟ್ರೆನ್ಸಲ್ಲೇ ಬೋರ್ಡ್ ಇದೆಯಲ್ಲ."

ಬೋರ್ಡು ಇತ್ತು. ಒಳಗೆ ಬರುತ್ತಲೇ ಅದಕ್ಕೆ ಒರಗಿಕೊಂಡು ನಾನು ಫೋಟೋ ತೆಗೆಸಿಕೊಂಡಿದ್ದೆ. ಫೋಟೋದಲ್ಲಿ ಸಮಯ ಬರೆದಿರುವ ಜಾಗದಲ್ಲಿ ಸರಿಯಾಗಿ ನನ್ನ ಹೊಟ್ಟೆ ಇದೆ.

ಸರಪಳಿಯಾಚೆ ಬಕೆಟ್ಟು ಕಾಣುತ್ತಿತ್ತು. ಖಾಲಿಯಾಗಿ, ಸುಮ್ಮನೆ ನೇತಾಡುತ್ತಿತ್ತು. ಚಿನ್ನಿ ಕಿರುಚಿ ಅತ್ತಿದ್ದರೆ ಚಾಕೊಲೇಟು ಕೊಡಿಸಿ ಪಾರಾಗುತ್ತಿದ್ದೆ. ಅವಳು ಸದ್ದಿಲ್ಲದೆ ಅತ್ತಳು. ಆಮೇಲೆ "ಪರವಾಗಿಲ್ಲ ತಾತ, ನಿಂಗೆ ಹುಷಾರಿಲ್ವಲ್ಲ" ಎಂದಳು. ಕಾರ್ಖಾನೆಯಲ್ಲಿ ದೊಡ್ಡ ದೊಡ್ಡ ಸಾಹೇಬರಿಂದ ಬೈಸಿಕೊಂಡಿದ್ದೇನೆ. ಯಾರ ಮಾತೂ ಅಷ್ಟು ಆಳಕ್ಕೆ ಇಳಿದಿರಲಿಲ್ಲ.

ವಾಪಸ್ ಹೊರಟೆವು. ಮುಂದೆ ಕೂತಿದ್ದ ಭಾವ ಸಲೀಂ ಕಿವಿಯಲ್ಲಿ ಏನೋ ಹೇಳಿದರು. ಬಸ್ಸು ನನ್ನ ಮಾರ್ಗವನ್ನು ಕೇಳದೆ ನೆಟ್ಟಗೆ ಕೆ.ಆರ್. ಪುರಕ್ಕೆ ಬಂತು. ಭಾವ ಇಳಿದು, ಪಂಚೆ ಎತ್ತಿ ಕಟ್ಟಿ, ಅಂಗಳದ ಮೂಲೆಯ ಬೋರ್‌ವೆಲ್ ಮೋಟರಿನ ಸ್ವಿಚ್ಚು ಹಾಕಿದರು. ಗಿಡಕ್ಕೆ ಬಿಡುವ ದಪ್ಪ ಪೈಪು ಬುಸುಗುಟ್ಟಿತು. ನನ್ನ ಮಗ ಮಹಡಿ ಮೆಟ್ಟಿಲು ಹತ್ತಿ ಸ್ನಾನದ ಮನೆಯ ದೊಡ್ಡ ಬಕೆಟ್ಟನ್ನು ಅಂಚಿಗಿಟ್ಟು ತುಂಬಿಸಿದ.

"ಬಿಡ್ಲಾ?"

"ಬಿಡು ಮಾಮಾ!"

ಧಬಕ್!

ಚಿನ್ನಿ ಕಿರುಚಿದ ಕಿರುಚಾಟಕ್ಕೆ ಅಕ್ಕಪಕ್ಕದ ಬಾಡಿಗೆದಾರರೆಲ್ಲ ಬಾಲ್ಕನಿಗೆ ಬಂದರು. ಅವರ ಮಕ್ಕಳೂ ಇಳಿದು ಬಂದವು. ಅಕ್ಕನೂ ಸೀರೆ ಎತ್ತಿಕೊಂಡು ಪೈಪಿಗೆ ಕಾಲೊಡ್ಡಿ ನಕ್ಕಳು. ಮಾವಿನಕಾಯಿ ಚಿತ್ರಾನ್ನ ಅಲ್ಲೇ ತಯಾರಾಯಿತು. ಒಣಗಿದ್ದವನು ನಾನೊಬ್ಬನೇ. ಸಾಯಲಿ, ನಾನೂ ನೆನೆದುಬಿಡೋಣ ಎಂದು ಮೆಟ್ಟಿಲ ಕೆಳಗೆ ಹೋಗಿ ನಿಂತೆ.

"ತಾತ ಬೇಡ! ತಾತಂಗೆ ತಲೆ ತಿರುಗತ್ತೆ!" ಎಂದು ಮಕ್ಕಳೆಲ್ಲ ಒಟ್ಟಾಗಿ ಕೂಗಿ ನನ್ನನ್ನು ಜಗುಲಿಗೆ ಎಳೆದು ಕೂರಿಸಿದವು.

ದಸರಾ ರಜೆಗೆ ಇನ್ನೊಂದು ಪ್ರವಾಸ ನಿಗದಿಯಾಗಿದೆ. ಸ್ಥಳ ಯಾವುದೆಂದು ನನಗೆ ತಿಳಿಸಿಲ್ಲ. ಕೇಳಿದರೆ ವಿಮಲಾ, "ನಿಮಗ್ಯಾಕ್ರೀ ತಲೆನೋವು? ಬಸ್ ಬಂದಾಗ ಹೇಳ್ತೀವಿ, ಹತ್ಕೊಳ್ಳಿ" ಎನ್ನುತ್ತಾಳೆ. ಈ ಸಲ ಮಕ್ಕಳನ್ನು ನೋಡಿಕೊಳ್ಳುವ ಜವಾಬ್ದಾರಿಯನ್ನು ದೊಡ್ಡವರು ಹಂಚಿಕೊಂಡಿದ್ದಾರೆ. ದೊಡ್ಡವರು ಒಬ್ಬೊಬ್ಬರಿಗೆ ಒಂದೊಂದು ಮಗು. ನನಗೆ ಮಾತ್ರ ಯಾವ ಮಗುವನ್ನೂ ಒಪ್ಪಿಸಿಲ್ಲ. ನನ್ನನ್ನೇ ಚಿನ್ನಿಗೆ ಒಪ್ಪಿಸಿದ್ದಾರೆ!