ಹಪ್ಪಳಕ್ಕೆ ಬಿಸಿಲು, ಸೋಲಾರಿಗೆ ನೆರಳು

ಮನುಷ್ಯರನ್ನು ಗುರುತಿಸುವುದರಲ್ಲಿ ನಾನು ತಪ್ಪುವವಳಲ್ಲ. ಉದ್ಯಾವರದ ಈ ಮನೆಗೆ ಹಾಲಿನವರು, ತರಕಾರಿಯವರು, ಪೂಜೆಗೆ ಬರುವ ಭಟ್ಟರು, ಎಲ್ಲರನ್ನೂ ಗೊತ್ತುಮಾಡಿದವಳು ನಾನೇ. ಒಬ್ಬರೂ ಕೈಕೊಟ್ಟದ್ದಿಲ್ಲ. ಆದ್ದರಿಂದ ಸೋಲಾರ್ ಹಾಕುವವರನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂದಾಗ ದೇವರಿಗೆ ಒಂದು ತುಪ್ಪದ ದೀಪ ಹಚ್ಚಿದೆ. ಬೇರೆ ಯಾರನ್ನೂ ವಿಚಾರಿಸಲಿಲ್ಲ.

ವಿಷಯ ಗಂಭೀರವಾದದ್ದು. ಕಳೆದ ಬೇಸಿಗೆಯಲ್ಲಿ ಅತ್ತೆಗೆ ಮೈತುಂಬ ಬೆವರುಸಾಲೆ ಎದ್ದು, ಅವರ ಕೋಣೆಗೆ ಎಸಿ ಹಾಕಿಸಿದ್ದೆವು. ಎಂಬತ್ತೆರಡು ವರ್ಷ ಬೀಸಣಿಗೆಯಲ್ಲಿ ಕಳೆದ ಅತ್ತೆ ಒಂದೇ ವಾರದಲ್ಲಿ ಎಸಿಗೆ ಎಷ್ಟು ಒಗ್ಗಿದರೆಂದರೆ, ಜಪವನ್ನೂ ದೇವರ ಕೋಣೆಯಿಂದ ಅಲ್ಲಿಗೇ ವರ್ಗಾಯಿಸಿದರು. ಕರೆಂಟ್ ಬಿಲ್ ನೋಡಿದ ನಮ್ಮ ಯಜಮಾನರು ತೀರ್ಪು ಕೊಟ್ಟರು.

"ಒಂದೋ ಟೆರೇಸಿಗೆ ಸೋಲಾರ್ ಬರ್ಬೇಕು, ಇಲ್ಲದಿದ್ರೆ ಎಸಿ ಹೋಗ್ಬೇಕು. ನೀನು ಇಡೀ ದಿನ ಮನೆಯಲ್ಲೇ ಇರ್ತಿ ಅಲ್ವಾ? ಒಳ್ಳೆ ಜನ ನೋಡಿ ಗೊತ್ತುಮಾಡು ಮಾರಾಯ್ತಿ."

ಒಳಗಿನಿಂದ ಕೇಳುತ್ತಿದ್ದ ಅತ್ತೆಯ ಜಪ ನಿಂತಿತು. ಅವರ ಎಸಿ ಈಗ ನನ್ನ ಕೈಯಲ್ಲಿತ್ತು.

ಅದು ಮೇ ತಿಂಗಳು. ತಾರಸಿಯ ಬಿಸಿಲು ಬೀಳುವ ಬದಿಯಲ್ಲಿ ನನ್ನ ಹಲಸಿನ ಹಪ್ಪಳ ಒಣಗುತ್ತಿತ್ತು. ಬಂದವರ ಯೋಗ್ಯತೆ ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲವೆಂದು ನನಗೆ ತೋರಿತು.

ಮೊದಲು ಮಣಿಪಾಲದವರು ಬಂದರು. ಲ್ಯಾಪ್‌ಟಾಪ್ ತೆರೆದು ಅರ್ಧ ಗಂಟೆ ವಿವರಿಸಿದರು. ವಿವರಿಸುತ್ತಾ ಎರಡು ಹೆಜ್ಜೆ ಹಿಂದೆ ಸರಿದರು. ಶೂ ಅಡಿಯಲ್ಲಿ ಒಂದು ಹಪ್ಪಳ ಹೋಯಿತು. ಅನುತ್ತೀರ್ಣ!

ಎರಡನೆಯವರು ಕಾರ್ಕಳದವರು. "ಅಮ್ಮ, ಈ ಬದಿ ಪೂರ್ತಿ ಪ್ಯಾನೆಲಿಗೆ ಬೇಕು. ಹಪ್ಪಳ ಅಂಗಡಿಯಲ್ಲಿ ಸಿಗ್ತದಲ್ಲ?" ಎಂದರು.

ಅಂಗಡಿಯ ಹಪ್ಪಳ! ಅವರಿಗೆ ಮಜ್ಜಿಗೆ ಕೊಟ್ಟು ಕಳುಹಿಸಿದೆ. ಮನೆಗೆ ಬಂದವರಿಗೆ ಏನಾದರೂ ಕೊಡಬೇಕಲ್ಲ ಎಂದು ಕೊಟ್ಟದ್ದು, ಅಷ್ಟೇ.

ಮೂರನೆಯವರು ಕಾಪುವಿನ ಇಕ್ಬಾಲ್. ಹತ್ತು ವರ್ಷ ಗಲ್ಫಿನಲ್ಲಿ ಇದೇ ಕೆಲಸ ಮಾಡಿ ಊರಿಗೆ ಬಂದವರು. ಚಪ್ಪಲಿಯನ್ನು ಮೆಟ್ಟಿಲ ಬುಡದಲ್ಲೇ ಬಿಟ್ಟರು. ಹಪ್ಪಳದ ಅಂಚಿನಲ್ಲಿ ತುದಿಗಾಲಲ್ಲಿ ನಡೆದರು. ಹೊಂಚು ಹಾಕುತ್ತಿದ್ದ ಕಾಗೆಯನ್ನು ಅಳತೆಯ ಟೇಪು ಬೀಸಿ ಓಡಿಸಿದರು.

"ಅಕ್ಕಾ, ಇದು ಬಕ್ಕೆ ಹಲಸಿಂದಲ್ವಾ? ನಮ್ಮ ಉಮ್ಮ ಕೂಡ ಇದರಲ್ಲೇ ಮಾಡುವುದು."

ಪರೀಕ್ಷೆ ಅಲ್ಲಿಗೆ ಮುಗಿಯಿತು. ಯಾವ ಕಂಪನಿಯ ಪ್ಯಾನೆಲ್, ಎಷ್ಟು ವರ್ಷ ವಾರಂಟಿ, ಯಾವುದನ್ನೂ ನಾನು ಕೇಳಲಿಲ್ಲ. ಇಂಥವರನ್ನು ಬಾಗಿಲಿಗೆ ಕಳುಹಿಸಿದ ಭಗವಂತನನ್ನು ಸ್ಮರಿಸಿ, ಪ್ಯಾನೆಲ್ ಇಡುವ ಜಾಗವನ್ನು ನಾನೇ ತೋರಿಸಿದೆ. ನೀರಿನ ಟ್ಯಾಂಕಿಗೂ ಮೆಟ್ಟಿಲ ಕೋಣೆಗೂ ನಡುವೆ, ಪಕ್ಕದ ಮನೆಯ ಮಾವಿನ ಮರದ ಕೆಳಗೆ.

ಇಕ್ಬಾಲ್ ತಲೆ ಕೆರೆದುಕೊಂಡರು. "ಅಕ್ಕಾ, ಬಿಸಿಲು ಆಚೆ ಬದಿಯಲ್ಲಿ ಉಂಟು."

"ಗೊತ್ತುಂಟು. ಅದಕ್ಕೇ ಹಪ್ಪಳ ಅಲ್ಲಿ ಹಾಕಿದ್ದು."

"ಪ್ಯಾನೆಲಿಗೂ ಬಿಸಿಲು ಬೇಕಲ್ವಾ?"

"ಬಿಸಿಲು ಕಡಿಮೆಯಾದ್ರೆ ಹಪ್ಪಳಕ್ಕೆ ಬೂಸರು ಬರ್ತದೆ. ನಿಮ್ಮ ಪ್ಯಾನೆಲಿಗೆ ಬರ್ತದಾ?"

"ಇಲ್ಲ."

"ಮತ್ತೆ?"

ಇಕ್ಬಾಲ್ ಪೆನ್ನು ತೆಗೆದು ಒಂದು ಕಾಗದದಲ್ಲಿ ಏನೋ ಬರೆದರು. ಅದನ್ನು ನನ್ನ ಮುಂದಿಟ್ಟರು. ಎಂದಿನಂತೆ ತಲೆಯಲ್ಲಿ 'ಶ್ರೀ' ಬರೆದು, ಬುಡದಲ್ಲಿ ಸಹಿ ಹಾಕಿದೆ. ನಡುವೆ ಇದ್ದದ್ದನ್ನು ಓದೋಣವೆಂದರೆ ಕನ್ನಡಕ ಕೆಳಗಿತ್ತು.

ಎರಡು ದಿನದಲ್ಲಿ ಕೆಲಸ ಮುಗಿಯಿತು. ಯಜಮಾನರಿಗೆ ಮೊಣಕಾಲು ನೋವು. ಮೇಲೆ ಹತ್ತಿ ನೋಡಲಿಲ್ಲ. ಅದೂ ಒಂದು ದೇವರ ದಯೆ. ಪ್ಯಾನೆಲಿಗೆ ಗಂಧ ಹಚ್ಚಿ, ಹೂ ಇಟ್ಟು, ಆರತಿ ಎತ್ತಿದೆ. ಸೂರ್ಯನಾರಾಯಣನಿಗೆ ಕೈಮುಗಿಯಲು ಮಾತ್ರ ಹಪ್ಪಳದ ಬದಿಗೆ ಬರಬೇಕಾಯಿತು. ಪ್ಯಾನೆಲ್ ಇದ್ದಲ್ಲಿಂದ ಸೂರ್ಯ ಕಾಣುತ್ತಿರಲಿಲ್ಲ.

ಆಗಲೂ ನನಗೆ ಏನೂ ಹೊಳೆಯಲಿಲ್ಲ!

ಸರ್ಕಾರದ ಮೀಟರೂ ಬಂತು. ಕರೆಂಟ್ ಎಷ್ಟು ಉತ್ಪತ್ತಿಯಾಯಿತೆಂದು ಮೊಬೈಲಿನಲ್ಲೇ ನೋಡಬಹುದು. ಯಜಮಾನರು ಮರುದಿನ ಬೆಳಿಗ್ಗೆ ಕಾಫಿಯ ಜೊತೆ ನೋಡಿದರು. ಸೊನ್ನೆ. ಹತ್ತು ಗಂಟೆಗೂ ಸೊನ್ನೆ.

"ಎಂತ ಮಾರಾಯ್ತಿ ಇದು?"

"ಹೊಸತಲ್ವಾ? ಸ್ವಲ್ಪ ಸಂಕೋಚ ಇರ್ಬಹುದು."

ಮೂರನೆಯ ದಿನ ಅವರು ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿಯೇ ಬಿಟ್ಟರು. ನಾನು ಹಿಂದೆ ಹೋದೆ. ಹಪ್ಪಳ ರಣಬಿಸಿಲಿನಲ್ಲಿ ಗರಿಗರಿಯಾಗಿ ಹೊಳೆಯುತ್ತಿತ್ತು. ಪ್ಯಾನೆಲ್ ಮೇಲೆ ಪಕ್ಕದ ಮನೆಯ ಬೆಕ್ಕು ಮಲಗಿತ್ತು. ಇಡೀ ತಾರಸಿಯಲ್ಲಿ ತಂಪಾದ ಜಾಗ ಅದೊಂದೇ.

ಯಜಮಾನರು ಬೆಕ್ಕನ್ನು ನೋಡಿದರು. ಹಪ್ಪಳವನ್ನು ನೋಡಿದರು. ನನ್ನನ್ನು ನೋಡಲಿಲ್ಲ. ಕೆಳಗಿಳಿದು ಇಕ್ಬಾಲರಿಗೆ ಫೋನ್ ಮಾಡಿ, ಮಲ್ಪೆಯವರೆಗೆ ಕೇಳುವಂತೆ ಬೈದರು. ಅತ್ತೆಯ ಕೋಣೆಗೆ ಹೋಗಿ ಎಸಿಯ ಸ್ವಿಚ್ಚನ್ನೂ ಆರಿಸಿದರು. ಬೀಸಣಿಗೆ ಹಿಡಿದು ಹೊರಬಂದ ಅತ್ತೆ ನನ್ನ ಎದುರಿನ ಕುರ್ಚಿಯಲ್ಲೇ ಕುಳಿತು ಬೀಸಿಕೊಳ್ಳತೊಡಗಿದರು. ಬೈಗುಳಕ್ಕಿಂತ ಅದು ಕಷ್ಟ.

ಇಕ್ಬಾಲ್ ಅರ್ಧ ಗಂಟೆಯಲ್ಲಿ ಬಂದರು. ವಾದ ಮಾಡಲಿಲ್ಲ. ಆ ಕಾಗದವನ್ನು ಯಜಮಾನರ ಕೈಗೆ ಕೊಟ್ಟರು. ಅವರು ಗಟ್ಟಿಯಾಗಿ ಓದಿದರು.

"ಇಲ್ಲಿ ನೆರಳಿದ್ದು ವಿದ್ಯುತ್ ಬರುವುದಿಲ್ಲವೆಂದು ತಿಳಿಸಲಾಗಿದೆ. ಆದರೂ ಗ್ರಾಹಕರು ಇದೇ ಜಾಗ ಬೇಕೆಂದಿದ್ದಾರೆ."

ಯಾರ ಸಹಿ ಎಂದು ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ 'ಶ್ರೀ' ಬರೆಯುವವಳು ನಾನೊಬ್ಬಳೇ.

ಅತ್ತೆ ಬೀಸಣಿಗೆ ನಿಲ್ಲಿಸಿದರು. "ಪಾಪ, ಒಳ್ಳೆ ಜನ. ಇವಳು ಹೇಳಿದ ಹಾಗೆ ಮಾಡಿದ್ದಾನೆ. ಅದೊಂದೇ ಅವನ ತಪ್ಪು."

ಅಂದರೆ ಆಯ್ಕೆಯಲ್ಲಿ ನಾನು ಈ ಸಲವೂ ತಪ್ಪಿರಲಿಲ್ಲ. ನಂಬಿಕೆಗೆ ಅರ್ಹರಾದವರೇ ಸಿಕ್ಕಿದ್ದರು. ಅವರಿಗೆ ಸಿಕ್ಕ ಗ್ರಾಹಕರು ಮಾತ್ರ ಸರಿಯಿರಲಿಲ್ಲ.

"ನಾಳೆಯೇ ಪ್ಯಾನೆಲಿನ ಜಾಗ ಬದಲಿಸಿ ಕೊಡ್ತೇನೆ ಸಾರ್," ಎಂದರು ಇಕ್ಬಾಲ್. "ಅಲ್ಲಿವರೆಗೆ ಎಸಿ ಹಾಕಿ. ಅಜ್ಜಿಗೆ ಸೆಕೆ ಆಗ್ತದೆ."

ಅತ್ತೆ ಎದ್ದು ಹೋಗಿ ಸ್ವಿಚ್ಚು ಹಾಕಿ ಬಂದರು. ಇಕ್ಬಾಲ್ ಟೇಪು ಹಿಡಿದು ಎಂದಿನ ವಿನಯದಿಂದ ನನ್ನ ಕಡೆ ತಿರುಗಿದರು.

"ಈ ಸಲ ಎಲ್ಲಿ ಇಡುವುದು ಅಕ್ಕಾ?"

"ಅವಳ ಹತ್ರ ಕೇಳ್ಬೇಡಿ!" ಎಂದು ಯಜಮಾನರು, "ಅವಳ ಹತ್ರ ಕೇಳ್ಬೇಡ!" ಎಂದು ಅತ್ತೆ, ಇಬ್ಬರೂ ಒಟ್ಟಿಗೇ ಕೂಗಿದರು.

"ನನ್ನ ಹತ್ರ ಕೇಳ್ಬೇಡಿ," ಎಂದು ಅವರಿಗಿಂತ ಮೊದಲೇ ಶುರುಮಾಡಿದವಳು ನಾನು. ನನ್ನ ಮಾತು ಯಾರಿಗೂ ಕೇಳಿಸಲಿಲ್ಲ, ಅಷ್ಟೇ.