ಅವ್ವನ ಕಾರಿಗೆ ಬಾಯಿ ಬಂದದ್ದು

ಚರ್ಚಾಸ್ಪರ್ಧೆಯಲ್ಲಿ ಗೆದ್ದವನಿಗೆ ಒಂದು ಫಲಕ ಕೊಟ್ಟು, ಫೋಟೋ ತೆಗೆದು ಮನೆಗೆ ಕಳಿಸುತ್ತಾರೆ. ಅವನು ಆಡಿದ ಮಾತಿನ ಹಂಗು ಅಲ್ಲಿಗೆ ಹರಿಯಿತು. ಯುದ್ಧವೇ ಬೇಕು ಎಂದು ಮೇಜು ಗುದ್ದಿ ಗೆದ್ದವನನ್ನು ಯಾರೂ ಮರುದಿನ ಗಡಿಗೆ ಕಳಿಸುವುದಿಲ್ಲ. ಮನೆಯೊಳಗಿನ ವಾದ ಹಾಗಲ್ಲ. ಇಲ್ಲಿ ಗೆದ್ದವನು ತಾನು ಗೆದ್ದದ್ದರ ಜೊತೆಗೇ ಬಾಳಬೇಕು. ಅದು ಬಾಗಿಲ ಮುಂದೆ ನಿಂತಿರುತ್ತದೆ, ಅದರ ಧೂಳು ಒರೆಸಬೇಕು, ನೆರೆಯವರು ಕೇಳಿದರೆ ಹೊಗಳಬೇಕು. ನಾನು ಗೆದ್ದದ್ದು ಒಂದು ಕಾರು. ಬಿಳಿ ಬಣ್ಣದ್ದು, ಕಣ್ಣಿರುವಂಥದ್ದು, ಕಣ್ಣಿಗಿಂತ ಬಾಯಿಯೇ ದೊಡ್ಡದಿರುವಂಥದ್ದು.

ಮೊದಲೇ ಹೇಳಿಬಿಡುತ್ತೇನೆ, ನಾನು ಸುಲಭಕ್ಕೆ ಏನನ್ನೂ ನಂಬುವವನಲ್ಲ. ಕಾಲೇಜಿನಲ್ಲಿದ್ದಷ್ಟು ದಿನ ಚರ್ಚಾ ತಂಡದಲ್ಲಿದ್ದೆ. ಪರವೋ ವಿರೋಧವೋ ಚೀಟಿ ಎತ್ತಿ, ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಎದುರಿನವರ ಮಾತಿನಲ್ಲಿ ತೂತು ಹುಡುಕುವುದು ನಾನು ಕಲಿತ ವಿದ್ಯೆ. ಈಗ ಕಲಬುರಗಿಯ ಕೋರ್ಟಿನಲ್ಲಿ ಜ್ಯೂನಿಯರ್ ವಕೀಲ. ಅಲ್ಲಿ ಮಾತಾಡುವವರು ಸೀನಿಯರ್, ಫೈಲು ಹೊರುವವನು ನಾನು. ಹೀಗಾಗಿ ದಿನವಿಡೀ ಉಳಿದ ಮಾತನ್ನೆಲ್ಲ ಸಂಜೆ ಮನೆಗೆ ತರುತ್ತೇನೆ. ಅವ್ವ ಅದನ್ನು ಸಂತೆಯಿಂದ ಬಂದ ಬಾಡಿದ ಮೆಂತ್ಯದ ಸೊಪ್ಪಿನಂತೆ ನೋಡುತ್ತಾಳೆ, ತಿನ್ನುವಂತಿಲ್ಲ, ಎಸೆಯಲು ಮನಸ್ಸಿಲ್ಲ. ಜಾತಕ ನಂಬಲಿಲ್ಲ, ವಾಸ್ತು ನಂಬಲಿಲ್ಲ, ಸ್ವಾಮಿಗಳ ಮಂತ್ರದ ದಾರ ನಂಬಲಿಲ್ಲ. ಇಷ್ಟೆಲ್ಲ ನಂಬದೆ ಉಳಿಸಿಟ್ಟಿದ್ದ ನಂಬಿಕೆಯನ್ನು ಒಟ್ಟುಮಾಡಿ ಒಂದೇ ದಿನ ಒಂದು ಕಾರು ಕಂಪನಿಯ ವಿಡಿಯೋದ ಮೇಲೆ ಸುರಿದುಬಿಟ್ಟೆ.

ಅವ್ವ ಕಮಲಾಪುರ ಕಡೆಯ ಅಂಗನವಾಡಿಗಳ ಮೇಲ್ವಿಚಾರಕಿ. ನಮ್ಮ ಮನೆ ಸೇಡಂ ರಸ್ತೆಯ ಬದಿಯ ಬಡಾವಣೆಯೊಂದರಲ್ಲಿ. ಕಮಲಾಪುರಕ್ಕೆ ಬಸ್ಸಿಗೇನೂ ಬರವಿಲ್ಲ. ಅಲ್ಲಿಂದ ಒಳಗಿನ ಹಳ್ಳಿಗಳಿಗೆ ಹೋಗುವುದೇ ಪಾಡು. ಟಂಟಂ ಆಟೋ ತುಂಬುವತನಕ ಕಾಯಬೇಕು, ಇಲ್ಲವೇ ಯಾವುದಾದರೂ ಪರಿಚಯದ ಬೈಕಿನ ಹಿಂದೆ ಸೀರೆ ಸುತ್ತಿಕೊಂಡು ಕೂರಬೇಕು. ಮಕ್ಕಳ ತೂಕ ನೋಡಲು ಹೋದವಳು ಎಷ್ಟೋ ಸಲ ಮಕ್ಕಳು ಮನೆಗೆ ಹೋದ ಮೇಲೆ ತಲುಪುತ್ತಿದ್ದಳು. ಐವತ್ತು ದಾಟಿದ ಮೇಲೆ ಒಂದು ದಿನ ಯಾರನ್ನೂ ಕೇಳದೆ ಡ್ರೈವಿಂಗ್ ಶಾಲೆಗೆ ಸೇರಿ, ಲೈಸೆನ್ಸ್ ತಂದು ಅಪ್ಪನ ಊಟದ ತಾಟಿನ ಪಕ್ಕ ಇಟ್ಟಳು. ಅಪ್ಪ ನಂದೂರಿನ ದಾಲ್ ಮಿಲ್ಲೊಂದರಲ್ಲಿ ಮ್ಯಾನೇಜರ್. ಜೀವನವೆಲ್ಲ ತೊಗರಿ ಚೀಲ ಹೊತ್ತ ಲಾರಿಗಳ ನಡುವೆ ಕಳೆದವರು. ಸ್ಟೇರಿಂಗು ಗಂಡಸರ ಕೈಗೆಂದೇ ಮಾಡಿದ ವಸ್ತು ಎಂದು ಅವರು ಬಾಯಿಬಿಟ್ಟು ಎಂದೂ ಹೇಳಿಲ್ಲ, ಹೇಳಬೇಕಾದ ಅಗತ್ಯವೂ ಬಿದ್ದಿರಲಿಲ್ಲ. ಲೈಸೆನ್ಸನ್ನು ಎರಡೂ ಬದಿ ತಿರುಗಿಸಿ ನೋಡಿ ಒಂದು ಷರತ್ತು ಹಾಕಿದರು.

"ತಗೋ ಗಾಡಿ. ಆದ್ರ ಒಂದ್ಸಲ ಎಲ್ಲರೆ ಬಡೀತಂದ್ರ ಚಾವಿ ನನ್ನ ಕೈಯಾಗ. ಮತ್ತ ನಿನ್ನ ಬಸ್ಸು, ನಿನ್ನ ಟಂಟಂ."

ಅವ್ವ ಒಪ್ಪಿದಳು. ಆಕೆಗೆ ಬೇಕಾಗಿದ್ದದ್ದು ತಾನು ಕಲಿತಂಥದ್ದೇ ಒಂದು ಸಣ್ಣ, ಸಾದಾ ಕಾರು. ಅಷ್ಟಕ್ಕೆ ಮುಗಿಯಬೇಕಿತ್ತು. ನಾನು ಎದ್ದು ನಿಂತೆ. ಮನುಷ್ಯನ ಕಣ್ಣು ರೆಪ್ಪೆ ಬಡಿಯುತ್ತದೆ, ಕ್ಯಾಮೆರಾ ಬಡಿಯುವುದಿಲ್ಲ ಎಂದೆ. ಮುಂದಿನ ಗಾಜಿನ ಹಿಂದೆ ಕೂತ ಒಂದು ಕ್ಯಾಮೆರಾ ರಸ್ತೆಯ ಗೆರೆ ನೋಡಿ ಸ್ಟೇರಿಂಗನ್ನು ತಾನೇ ತಿದ್ದುತ್ತದೆ, ಅಡ್ಡ ಏನಾದರೂ ಬಂದರೆ ತಾನೇ ಬ್ರೇಕು ಹಾಕುತ್ತದೆ, ಇನ್ನೊಂದು ಕ್ಯಾಮೆರಾ ಚಾಲಕರ ಮುಖ ನೋಡಿ ಎಚ್ಚರಿಸುತ್ತದೆ ಎಂದು ವಿವರಿಸಿದೆ. ಎಲ್ಲಕ್ಕಿಂತ ಮಿಗಿಲಾಗಿ, ಮನುಷ್ಯ ವಯಸ್ಸಾದಂತೆ ಮರೆಯುತ್ತಾನೆ, ಈ ಕಾರು ಅಪ್‌ಡೇಟ್ ಬಂದಂತೆಲ್ಲ ಜಾಣವಾಗುತ್ತದೆ ಎಂದೆ. ಐವತ್ತು ದಾಟಿದ ಹೆಂಗಸಿನ ಎದುರು ನಿಂತು ಆಡುವ ಮಾತೇ ಇದು ಎಂದು ನನಗೆ ಆಗ ಹೊಳೆಯಲಿಲ್ಲ. ಸ್ಪರ್ಧೆಯಲ್ಲಿ ಹೊಳೆಯುವುದಿಲ್ಲ. ಅವ್ವ ಕೊನೆಗೆ, "ಆತಪಾ. ನಿನಗ ಉತ್ತರ ಕೊಡೋದಕ್ಕಿಂತ ಕಾರ್ ತಗೊಳ್ಳೋದು ಹಗುರ," ಎಂದಳು. ನಾನು ಅದನ್ನು ಗೆಲುವು ಎಂದು ಬರೆದುಕೊಂಡೆ.

ಕಾರು ಬಂದ ದಿನದಿಂದ ಒದರತೊಡಗಿತು. ಟಂಟಂ ಪಕ್ಕಕ್ಕೆ ಬಂದರೆ ಒದರುವುದು, ಬರದಿದ್ದರೆ ಗೆರೆ ದಾಟಿದಿರಿ ಎಂದು ಒದರುವುದು. ನಮ್ಮ ಕಡೆ ರಸ್ತೆಯ ಗೆರೆ ಎನ್ನುವುದು ಹಾಕಿದವರಿಗೂ ನೆನಪಿಲ್ಲದ ಸಂಗತಿ. ಎಮ್ಮೆಯೊಂದು ದೂರದಲ್ಲಿ ಸುಮ್ಮನೆ ಮೆಲುಕು ಹಾಕುತ್ತ ನಿಂತಿದ್ದರೂ ಅದು ತನ್ನ ಮೇಲೆ ಸಂಚು ಹೂಡುತ್ತಿದೆ ಎಂದು ಕಾರಿನ ಅನುಮಾನ. ಇನ್ನು ಬಿಸಿಲಿನ ಕಥೆ. ಅವ್ವ ಬೆಳಿಗ್ಗೆ ಹೋಗುವಾಗ ಸೂರ್ಯ ಎದುರಿಗೆ, ಸಂಜೆ ಬರುವಾಗಲೂ ಎದುರಿಗೆ. ನಮ್ಮ ಊರಿನ ಬಿಸಿಲು ಕಣ್ಣಿಗೆ ಕುಕ್ಕುವ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ: ಕ್ಯಾಮೆರಾಗೆ ಕಾಣುತ್ತಿಲ್ಲ, ಸಹಾಯ ನಿಲ್ಲಿಸಲಾಗಿದೆ. ಎಲ್ಲ ಚೆನ್ನಾಗಿ ಕಾಣುವಾಗ ತಾಸುಗಟ್ಟಲೆ ಬುದ್ಧಿ ಹೇಳಿ, ಯಾರಿಗೂ ಏನೂ ಕಾಣದ ಗಳಿಗೆಯಲ್ಲಿ ರಾಜೀನಾಮೆ ಕೊಡುವ ಸಹಾಯಕನನ್ನು ನಾನು ಸರಕಾರಿ ಕಚೇರಿಯಲ್ಲೂ ಕಂಡಿಲ್ಲ. ಬಿಸಿಲಿಗೆ ಅವ್ವ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡರೆ ಒಳಗಿನ ಕ್ಯಾಮೆರಾಗೆ ಬೇರೆ ದುಃಖ. ನಿಮ್ಮ ಮುಖ ಕಾಣುತ್ತಿಲ್ಲ ಎಂದು ಅದು ಹೊಸ ರಾಗ ಎತ್ತುತ್ತಿತ್ತು.

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಅವ್ವ ಅದಕ್ಕೆ ಉತ್ತರ ಕೊಡುತ್ತಿದ್ದಳು. "ಆತಪಾ, ಆತು. ನೋಡಾಕತ್ತೀನಿ," ಎಂದು ಮೆಲ್ಲಗೆ, ಮೇಲಧಿಕಾರಿಗೆ ಹೇಳುವ ಹಾಗೆ. ಒಂದು ಸಂಜೆ ಮನೆಗೆ ಬಂದು ಕೈ ಒರೆಸಿಕೊಳ್ಳುತ್ತ, "ಸುಮ್‌ಸುಮ್ಕ ಯಾಕ ಒದರ್ತದ ಅದು? ನನ್ನದೇ ಏನೋ ತಪ್ಪಿರಬೇಕು," ಎಂದಳು. ನಾಯಿ ಬೆನ್ನಟ್ಟಿದರೂ ಒಂಟಿಯಾಗಿ ಹಳ್ಳಿ ಸುತ್ತಿದ ಹೆಂಗಸು. ಅಪ್ಪನ ಷರತ್ತಿಗೆ ಹೆದರದವಳು. ಯಂತ್ರವೊಂದು ದಿನಕ್ಕೆ ನೂರು ಸಲ ತಪ್ಪು ತಪ್ಪು ಎಂದು ಹೇಳಿ ಆಕೆಯನ್ನು ತಪ್ಪಿತಸ್ಥಳನ್ನಾಗಿ ಮಾಡಿತ್ತು.

ಅಷ್ಟರಲ್ಲಿ ತೊಗರಿ ಸುಗ್ಗಿ ಬಂತು. ಮಹಾಗಾಂವದಿಂದ ಒಳಗೆ ಹೋಗುವ ದಾರಿಗಳಲ್ಲಿ ಆಗ ಡಾಂಬರೇ ಕಣ. ಒಣಗಿದ ತೊಗರಿ ಗಿಡವನ್ನು ಅರ್ಧ ರಸ್ತೆಗೆ ಹರಡುತ್ತಾರೆ. ಬಸ್ಸು, ಟೆಂಪೊ, ಬೈಕು ಎಲ್ಲ ಅದರ ಮೇಲೆ ಹಾಯ್ದು ಕಾಯಿ ಒಡೆಯಬೇಕು, ಬಿಟ್ಟಿ ಒಕ್ಕಣೆ. ಉಳಿದರ್ಧದಲ್ಲಿ ಎದುರಿನ ಗಾಡಿ ಬರುತ್ತದೆ. ತೊಗರಿಯ ಅಂಚಿಗೆ ಗುರುತಿಗೆಂದು ದಪ್ಪ ಕಲ್ಲು ಇಟ್ಟಿರುತ್ತಾರೆ. ಇದು ಸರಿಯೋ ತಪ್ಪೋ ಎಂಬುದರ ಮೇಲೆ ನಾನು ಎರಡೂ ಕಡೆಯಿಂದ ಮಾತಾಡಬಲ್ಲೆ. ಕಾರಿಗೆ ಮಾತ್ರ ಇದು ಪಠ್ಯಕ್ರಮದಲ್ಲೇ ಇರಲಿಲ್ಲ. ಒಂದು ದಿನ ಅವ್ವ ಕಲ್ಲು ತಪ್ಪಿಸಲು ಬಲಕ್ಕೆ ಎಳೆದರೆ, ತೊಗರಿಯನ್ನೂ ಕಲ್ಲನ್ನೂ ಕಾಣದ ಕ್ಯಾಮೆರಾ ಅಳಿದುಳಿದ ಗೆರೆಯೊಂದನ್ನು ಕಂಡು ಸ್ಟೇರಿಂಗನ್ನು ಎಡಕ್ಕೆ, ನೇರ ಕಲ್ಲಿನ ಮೇಲಕ್ಕೆ ಎಳೆಯಿತು. ಅವ್ವ ಎರಡೂ ಕೈಯಿಂದ ಹಿಡಿದು ಅದರೊಡನೆ ಗುದ್ದಾಡಿ ಬಿಡಿಸಿಕೊಂಡಳು. ಮನೆಗೆ ಬಂದಾಗ ರಟ್ಟೆ ನೋಯುತ್ತಿತ್ತು.

ಮರುದಿನ ನಾನು ಕಾರು ತೆಗೆದುಕೊಂಡು ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿ ದೂರು ಕೇಳುವವನು ಇಮ್ರಾನ್ ಎಂಬ ಸಂಭಾವಿತ ಹುಡುಗ, ಹೆಚ್ಚುಕಡಿಮೆ ನನ್ನದೇ ವಯಸ್ಸು. ನನ್ನ ವಾದವನ್ನು ತಲೆಯಾಡಿಸುತ್ತ ಪೂರ್ತಿ ಕೇಳಿ, ಅಪ್‌ಡೇಟ್ ಬಂದದ, ಹಾಕಿಕೊಡ್ತೀನಿ ಸರ್ ಎಂದ. ಏನೇನು ಬದಲಾಗಿದೆ ಎಂದು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ಪರದೆಯ ಮೇಲೆ ಇದ್ದದ್ದು ಇಷ್ಟೇ: ಸಣ್ಣಪುಟ್ಟ ಸುಧಾರಣೆಗಳು.

ಆ ಸಣ್ಣಪುಟ್ಟ ಸುಧಾರಣೆ ಏನೆಂದು ಅವ್ವನಿಗೆ ಅದೇ ವಾರ ಗೊತ್ತಾಯಿತು. ಈಗ ಕಾರಿಗೆ ತೊಗರಿ ಕಾಣತೊಡಗಿತ್ತು. ಎಷ್ಟು ಚೆನ್ನಾಗಿ ಎಂದರೆ, ಒಳ್ಳೆಯ ವೇಗದಲ್ಲಿ ಹೋಗುತ್ತಿದ್ದದ್ದು ತೊಗರಿಯ ಎದುರು ಗೋಡೆ ಕಂಡಂತೆ ಬ್ರೇಕು ಕಚ್ಚಿ ನಿಂತಿತು. ಹಿಂದೆ ಬರುತ್ತಿದ್ದ ಟೆಂಪೊದವನಿಗೆ ಅಪ್‌ಡೇಟ್ ಬಂದಿರಲಿಲ್ಲ. ಅವನು ಬಂದು ಬಡಿದ. ಯಾರಿಗೂ ಪೆಟ್ಟಾಗಲಿಲ್ಲ, ಬಂಪರ್ ಒಳಗೆ ಹೋಗಿತ್ತು. ರೋಡಿನ್ಯಾಗ ಹಂಗ ನಿಂದರ್ತಾರೇನ್ರಿ ಎಂದು ಅವನು ಕೂಗಾಡಿದ. ನಿಲ್ಲಿಸಿದ್ದು ತಾನಲ್ಲ ಎಂದು ಅವ್ವ ಹೇಳಿದರೆ ಯಾರು ನಂಬಬೇಕು, ಸೀಟಿನಲ್ಲಿ ಕುಳಿತವಳು ಆಕೆಯೇ. ಸಂಜೆ ಅಪ್ಪ ಬಾಯಿ ತೆರೆಯುವ ಮೊದಲೇ ಚಾವಿಯನ್ನು ಅವರ ಮುಂದೆ ಇಟ್ಟು ಒಳಗೆ ಹೋದಳು. ಅಪ್ಪ ಗೆದ್ದವರಂತೆ ಕಾಣಲಿಲ್ಲ. ಚಾವಿಯನ್ನು ಜೇಬಿಗೆ ಹಾಕಿಕೊಂಡದ್ದಂತೂ ನಿಜ.

ಮರುದಿನದಿಂದ ಅವ್ವ ಮತ್ತೆ ಬಸ್ಸು ಹಿಡಿದಳು. ನಾನು ಕಾರಿನ ಕೈಪಿಡಿ ಹಿಡಿದೆ. ಅದರಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಎಲ್ಲ ಸಂದರ್ಭಗಳಲ್ಲೂ ಹೊಣೆ ಚಾಲಕರದೇ. ಅಂದರೆ ಕಾರು ಉಳಿಸಿದರೆ ಅದು ಕಂಪನಿಯ ಜಾಣತನ, ಡಿಕ್ಕಿ ಹೊಡೆಸಿದರೆ ಅವ್ವನ ದಡ್ಡತನ. ಪರವಾಗಿಯೂ ತಾನೇ ಮಾತಾಡಿ, ವಿರೋಧವಾಗಿಯೂ ತಾನೇ ಮಾತಾಡಿ, ತೀರ್ಪುಗಾರನೂ ತಾನೇ ಆಗಿ ಫಲಕ ಎತ್ತಿಕೊಂಡು ಹೋಗುವವನನ್ನು ನಾನು ಯಾವ ಸ್ಪರ್ಧೆಯಲ್ಲೂ ನೋಡಿರಲಿಲ್ಲ. ಐವತ್ತು ದಾಟಿದವಳು ಕಷ್ಟಪಟ್ಟು ಕಲಿತ ಕೈಚಳಕದ ನಡುವೆ ಯಾರೋ ಎಲ್ಲೋ ಕುಳಿತು ಬ್ರೇಕಿನ ಬುದ್ಧಿಯನ್ನೇ ಬದಲಿಸುತ್ತಾರೆ, ಆಕೆಗೆ ಹೇಳುವುದು ಎರಡು ಪದ. ಇದನ್ನೆಲ್ಲ ಇಮ್ರಾನನ ಮೇಜಿನ ಮುಂದೆ ನಿಂತು, ಅಂಶ ಅಂಶವಾಗಿ ಬಿಡಿಸಿ, ಏರುದನಿಯಲ್ಲಿ ಹೇಳಿದೆ. ಅಕ್ಕಪಕ್ಕದವರು ತಮ್ಮ ಕಾರಿನ ಚಿಂತೆ ಬಿಟ್ಟು ಕೇಳಿದರು. ನನ್ನ ಜೀವನದ ಅತ್ಯುತ್ತಮ ಭಾಷಣ ಅದು.

ಇಮ್ರಾನ್ ನೀರಿನ ಬಾಟಲಿ ನನ್ನ ಕಡೆ ಸರಿಸಿದ. "ಸರ್, ನಿಮ್ಮ ಮಾತಿಗಿ ನನ್ನ ಹತ್ರ ಜವಾಬ್ ಇಲ್ರಿ. ನೀವೇ ಗೆದ್ರಿ ಅಂತ ಬರದು ಕೊಡ್ಲೇನು? ಅದಕ್ಕ ಗಾಡಿ ಸರಿ ಆಗಂಗಿಲ್ಲ ಖರೆ."

ಮನೆಯಲ್ಲಿ ಅಪ್ಪನ ಮುಂದೆಯೂ ಅದೇ ಭಾಷಣ ಮಾಡಿದೆ. ತಪ್ಪು ಕಾರಿನದು, ಚಾವಿ ಅವ್ವನದು ಎಂದೆ. ಹಂಗಿದ್ರ ಈ ಕಾರ್ ಬೇಕಂತ ಅಂದವ ಯಾವನು ಎಂದು ಅಪ್ಪ ಕೇಳಿದರು. ಪ್ರಶ್ನೆ ಚಿಕ್ಕದಿತ್ತು.

ಬಂಪರ್ ರಿಪೇರಿಯಾಗಿ ಕಾರು ಬಂದ ಮೇಲೆ ಅವ್ವ ಒಂದು ಮಾತೂ ವಾದಿಸಲಿಲ್ಲ. "ಚಾವಿ ನಿಮ್ಮ ಹತ್ರನೇ ಇರ್ಲಿ ರೀ. ನಾಳಿ ಮಹಾಗಾಂವ ಕಡಿ ಹೋಗೋದದ, ನೀವೇ ಬಿಟ್ಟು ಬರ್ರಿ," ಎಂದಳಷ್ಟೆ. ಅಪ್ಪ ಹಿಗ್ಗಿದರು. ನಾನು ಹಿಂದೆ ಕುಳಿತೆ.

ಊರು ದಾಟುವ ಮೊದಲೇ ಶುರುವಾಯಿತು. ಅಪ್ಪನಿಗೆ ಲಾರಿ ಕಂಡರೆ ಅದರ ಮೇಲಿನ ಚೀಲದ ಕಡೆ ಕಣ್ಣು ಹೋಗುವುದು ಮಿಲ್ಲಿನ ಚಾಳಿ. ಒಳಗಿನ ಕ್ಯಾಮೆರಾ ಒದರಿತು. "ರಸ್ತೀನೇ ನೋಡಾಕತ್ತೀನಲ್ಲ," ಎಂದರು ಅಪ್ಪ, ಕಾರಿಗೆ. ಮತ್ತೊಂದು ಲಾರಿ, ಮತ್ತೊಂದು ಒದರು. ಅಪ್ಪನ ರೆಪ್ಪೆ ಹುಟ್ಟಿನಿಂದಲೇ ಅರ್ಧ ಇಳಿದದ್ದು. ಪರದೆಯ ಮೇಲೆ ಹೊಗೆಯಾಡುವ ಒಂದು ಕಾಫಿ ಕಪ್ಪಿನ ಚಿತ್ರ ಮೂಡಿತು. ನಿಮಗೆ ದಣಿವಾಗಿದೆ, ವಿಶ್ರಾಂತಿ ತೆಗೆದುಕೊಳ್ಳಿ ಎಂದು ಅದರ ಅರ್ಥ ಎಂದು ನಾನು ವಿವರಿಸಿದೆ. "ಚಾ ಮನ್ಯಾಗ ಕುಡದೇ ಬಂದೀನಿ," ಎಂದು ಅಪ್ಪ ಹಲ್ಲು ಕಡಿದರು. ಅವ್ವ ಕಿಟಕಿಯಾಚೆ ಹೊಲ ನೋಡುತ್ತಿದ್ದಳು. ಮಹಾಗಾಂವ ದಾಟಿ ತೊಗರಿ ಹರಡಿದ ದಾರಿಗೆ ತಿರುಗಿದೆವು. ಕಾರು ಗಕ್ಕನೆ ನಿಂತಿತು. ನನ್ನ ಮೂಗು ಮುಂದಿನ ಸೀಟಿಗೆ ಬಡಿಯಿತು. ಪುಣ್ಯಕ್ಕೆ ಹಿಂದೆ ಯಾರೂ ಇರಲಿಲ್ಲ. ತೊಗರಿಯಿಂದಲೇ ಮನೆ ಕಟ್ಟಿದ, ತೊಗರಿಯಿಂದಲೇ ನನ್ನನ್ನು ಓದಿಸಿದ ಮನುಷ್ಯ ತೊಗರಿಗೆ ಹೆದರಿ ನಡುದಾರಿಯಲ್ಲಿ ನಿಂತಿದ್ದರು.

ರಾಶಿ ಕಾಯುತ್ತಿದ್ದ ಹೆಂಗಸು ಮೊರ ಹಿಡಿದು ಎದ್ದು ಬಂದು ಒಳಗೆ ಇಣುಕಿದಳು. ಅವ್ವನ ಗುರುತು ಹತ್ತಿತು. "ಅಕ್ಕೋರೆ, ಯಜಮಾನ್ರಿಗೆ ಹೊಸದಾಗಿ ಕಲಿಸಾಕತ್ತೀರೇನ್ರಿ? ತುಳೀರಿ ಅನ್ರಿ, ಅಂಜಬ್ಯಾಡ್ರಿ ಅನ್ರಿ."

ಅಪ್ಪ ಇಳಿದರು. ಕಾರನ್ನು ಒಂದು ಸುತ್ತು ಹಾಕಿ ಎಡಬದಿಗೆ ಬಂದು ಅವ್ವನ ಬಾಗಿಲು ತೆಗೆದರು.

"ನೀನೇ ನಡಸು. ಇದರ ಸಂಗಾಟ ಜಗಳಾಡ್ಕೋತ ಗಾಡಿ ಹೊಡೀಲಿಕ್ಕ ನನ್ನಿಂದ ಆಗಂಗಿಲ್ಲ. ನಿನಗ ರೂಢಿ ಅದ."

ಕೊನೆಯ ಮಾತು ಆಡುವಾಗ ಅವರು ನೋಡಿದ್ದು ಹಿಂದಿನ ಸೀಟಿನತ್ತ.

ಅಂದು ಸಂಜೆ ಮನೆಗೆ ಬರುವ ಮೊದಲು ಅವ್ವ ತಾನೇ ಸರ್ವಿಸ್ ಸೆಂಟರಿಗೆ ಕಾರು ತಿರುಗಿಸಿದಳು. ನಾನು ಅಲ್ಲಿ ಅಷ್ಟು ದಿನ ಕೇಳಿದ್ದು ಹೊಣೆ ಯಾರದು ಎಂದು. ಅವ್ವ ಕೇಳಿದ್ದು, "ತಮ್ಮಾ, ಇದರ ಬಾಯಿ ಎಲ್ಲಿ ಬಂದ್ ಮಾಡ್ತಾರ?" ಇಮ್ರಾನ್ ಸ್ಟೇರಿಂಗಿನ ಪಕ್ಕದ ಗುಂಡಿ ತೋರಿಸಿದ. ಒತ್ತಿ ಹಿಡಿದರೆ ಎಲ್ಲ ಬಂದ್, ಇನ್ನೊಮ್ಮೆ ಒತ್ತಿದರೆ ಎಲ್ಲ ಚಾಲೂ. ಆದರೆ ಪ್ರತಿ ಸಲ ಗಾಡಿ ಚಾಲೂ ಮಾಡಿದಾಗಲೂ ಮತ್ತೆ ತಾನೇ ಎದ್ದು ಕೂರುತ್ತದೆ ಎಂದೂ ಎಚ್ಚರಿಸಿದ. ಇರ್ಲಿ ಬಿಡಪಾ, ದಿನಾ ಒತ್ತಿದ್ರಾತು ಎಂದಳು ಅವ್ವ.

ಈಗ ಅವ್ವ ನಿಶ್ಚಿಂತೆಯಿಂದ ಕಮಲಾಪುರಕ್ಕೆ ಹೋಗಿಬರುತ್ತಾಳೆ. ಜಗತ್ತಿನ ಜಾಣ ಕಾರುಗಳಲ್ಲೊಂದನ್ನು ಬಾಯಿ ಮುಚ್ಚಿಸಿ, ತನಗೆ ಮೊದಲೇ ಬೇಕಾಗಿದ್ದ ಸಾದಾ ಕಾರನ್ನಾಗಿ ಮಾಡಿಕೊಂಡಿದ್ದಾಳೆ. ತೊಗರಿಯ ಮೇಲೆ ಸೀದಾ ಹಾಯಿಸುತ್ತಾಳೆ.

ಮೊನ್ನೆ ಕೋರ್ಟಿಗೆ ರಜೆ ಇತ್ತು. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತರುವ ನೆಪದಲ್ಲಿ ಅವ್ವನ ಪಕ್ಕ ಕುಳಿತೆ. ಆಕೆ ಕಾರು ಚಾಲೂ ಮಾಡಿ, ನೋಡದೆಯೇ ಗುಂಡಿ ಒತ್ತಿ, ಹಿಂದಕ್ಕೆ ತೆಗೆಯತೊಡಗಿದಳು. "ಅವ್ವ, ಹಿಂದ ಕಾಯಿಪಲ್ಲೆದವನ ಗಾಡಿ ಬರಾಕತ್ತದ, ಸ್ವಲ್ಪ ಎಡಕ್ಕ..." ಎಂದೆ. ಮಾತು ಮುಗಿದಿರಲಿಲ್ಲ. ಅವ್ವನ ಕೈ ತಾನಾಗಿ ಹೋಗಿ ಗುಂಡಿ ಒತ್ತಿತು. ಮೊದಲೇ ಬಂದ್ ಆಗಿದ್ದ ಕಾರು ಎಚ್ಚೆತ್ತು ಒದರತೊಡಗಿತು. ನಾನೂ ಮಾತು ನಿಲ್ಲಿಸಿರಲಿಲ್ಲ. ತಳ್ಳುಗಾಡಿ ಇನ್ನೂ ಮೂರು ಮನೆ ಆಚೆ ಇತ್ತು.

"ಆತಪಾ, ಆತು," ಎಂದು ಅವ್ವ ಮತ್ತೊಮ್ಮೆ ಒತ್ತಿದಳು. ಕಾರು ಸುಮ್ಮನಾಯಿತು. ನಾನೂ ಸುಮ್ಮನಾದೆ. ನಾಳೆ ಬೆಳಿಗ್ಗೆ ಇಬ್ಬರೂ ಮತ್ತೆ ತಾವಾಗಿಯೇ ಎದ್ದು ಕೂರುತ್ತೇವೆ ಎಂಬುದು ಆಕೆಗೆ ಗೊತ್ತಿದೆ.